ಎರಡು ಅಂದರೆ ಏನು

ಸ್ಕ್ಯಾನಿಂಗ್‌ಗೆ ಕಾದಿದ್ದ ಮುದುಕಿಯ ಪಕ್ಕದ ಬೆಂಚಿನ ಮೇಲೆ, ಡಾಕ್ಟರ ಕೋಣೆಯಿಂದ ಹೊರಬಂದ ಇಬ್ಬರು ಹೆಂಗಸರು ನಗು ತಡೆಯಲಾರದೆ ಕುಸಿದರು. ಒಬ್ಬಳು ಟೈಲರಮ್ಮ, ಇನ್ನೊಬ್ಬಳು ಅವಳ ನಾದಿನಿ. ಮುದುಕಿ ಕಿವಿಗೊಟ್ಟಳು.

“ಅಲ್ಲ ಅತ್ತಿಗೆ, ರಿಪೋರ್ಟಲ್ಲಿ ಎರಡು ಅಂತ ನೋಡಿ ಎರಡನೇ ಹಂತದ ಕ್ಯಾನ್ಸರ್ ಅಂದ್ಕೊಂಡ್ಬಿಟ್ರಾ!”

“ಮತ್ತೇನು ಮಾಡ್ಲಿ? ಎದೇಲಿ ಗಂಟು ಕೈಗೆ ಸಿಕ್ಕಾಗ್ಲೇ ಜೀವ ಬಾಯಿಗೆ ಬಂದಿತ್ತು.”

“ಈಗ ಡಾಕ್ಟರು ಹೇಳಿದ್ದು ತಲೆಗೆ ಹೋಯ್ತಾ?”

“ಹೋಯ್ತಮ್ಮ ತಾಯಿ. ಅದು ಹಂತ ಅಲ್ಲ, ಸ್ಕ್ಯಾನಿಂಗ್‌ನೋರು ಹಾಕೋ ನಂಬರು. ಎರಡು ಅಂದ್ರೆ ಗಂಟಿದೆ, ಆದ್ರೆ ಕ್ಯಾನ್ಸರ್ ಅಲ್ಲ. ಬರೀ ನೀರು ತುಂಬಿರೋ ಗುಳ್ಳೆ. ಹೊಸದೇನಾದ್ರೂ ಕಂಡ್ರೆ ತಕ್ಷಣ ಬರ್ಬೇಕು, ಇಲ್ದಿದ್ರೆ ಮುಂದಿನ ವರ್ಷ.”

“ಅಷ್ಟಕ್ಕೇ ಅಳತೆ ಪುಸ್ತಕದಲ್ಲಿ ಉಯಿಲು ಬರೆದು, ಹೊಲಿಗೆ ಮಷೀನು ನಂಗೆ ಕೊಟ್ರಲ್ಲ!”

“ವಾಪಸ್ ಕೊಡೇ ಅದನ್ನ.”

“ಆಹಾ! ಕೊಟ್ಟದ್ದು ಕೊಟ್ಟಾಯ್ತು.”

“ನಿಂಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ ಕಣೇ!”

“ಕಲಿಸೋಕೆ ನೀವಿದ್ದೀರಲ್ಲ. ಇನ್ನೂ ನಲವತ್ತು ವರ್ಷ ಎಲ್ಲಿಗೂ ಹೋಗಲ್ವಂತೆ.”

ಟೈಲರಮ್ಮ ನಗುನಗುತ್ತಲೇ ಅತ್ತುಬಿಟ್ಟಳು. ನಾದಿನಿ ಮಗುವಿಗೆ ಒರೆಸುವ ಹಾಗೆ ಅವಳ ಮೂಗೊರೆಸಿ, ತೋಳು ಹಿಡಿದು ಎಬ್ಬಿಸಿದಳು.

“ಮಷೀನು ನಂದೇ,” ಎಂದಳು ಟೈಲರಮ್ಮ.

“ನೋಡೋಣ,” ಎಂದಳು ನಾದಿನಿ.

ಮೆಟ್ಟಿಲ ತಿರುವಿನವರೆಗೂ ಜಗಳ ಕೇಳಿಸುತ್ತಿತ್ತು.