ಏರಿಯ ಕಲ್ಲು ಹೇಳಿದ ಸಾಕ್ಷಿ

ಹತ್ತಿರ ಬನ್ನಿ, ಹತ್ತಿರ ಬನ್ನಿ. ಹಿಂದೆ ಕೂತವರಿಗೂ ಕೇಳಬೇಕು. ಇದು ಪಿಸುಗುಟ್ಟಿ ಹೇಳುವ ಕಥೆ ಅಲ್ಲ.

ಒಂದು ನಾಡಿತ್ತು. ಯಾವ ನಾಡು ಅಂತ ಕೇಳಬೇಡಿ. ಹೆಸರು ಹೇಳಿದರೆ ಅದೊಂದೇ ನಾಡಿನ ಕಥೆ ಅಂದುಕೊಂಡು ಹಾಯಾಗಿ ಮಲಗಿಬಿಡುತ್ತೀರಿ. ಆ ನಾಡಿಗೊಬ್ಬ ದೊರೆ. ದೊರೆಗೊಬ್ಬ ಮಂತ್ರಿ. ಮಂತ್ರಿಗೊಬ್ಬ ಅಮಲ್ದಾರ. ಅಮಲ್ದಾರನಿಗೊಬ್ಬ ಗುತ್ತಿಗೆದಾರ. ಇವರೆಲ್ಲರ ಕೆಳಗೆ, ತಲೆಯ ಮೇಲೆ ಮಣ್ಣಿನ ಪುಟ್ಟಿ ಹೊತ್ತ ಒಬ್ಬ ಹೆಂಗಸು. ಅವಳ ಹೆಸರು ಹುಲಿಗೆವ್ವ.

ದೊರೆ ಒಂದು ಕೆರೆ ಕಟ್ಟಿಸಿದ. ಕೆರೆಯ ಏರಿ ಅಂದರೆ ಸುಮ್ಮನೆ ಮಣ್ಣಿನ ಗುಡ್ಡೆಯೇ? ಅಲ್ಲ. ದೂರದ ಗುಡ್ಡದಿಂದ ಜೇಡಿಮಣ್ಣು ತರಬೇಕು. ಒಂದು ಪದರ ಹಾಕಬೇಕು, ನೀರು ಚಿಮುಕಿಸಬೇಕು, ಎತ್ತು ಬಿಟ್ಟು ತುಳಿಸಬೇಕು. ಮತ್ತೊಂದು ಪದರ, ಮತ್ತೆ ನೀರು, ಮತ್ತೆ ಎತ್ತು. ಹಾಗೆ ಕಟ್ಟಿದ ಏರಿ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡುವುದಿಲ್ಲ.

ಮಣ್ಣು ತರಲೆಂದು ಅರಮನೆಯ ಗಾಡಿಗಳು ಹೊರಟವು. ಗುಡ್ಡದ ಕಡೆ ಹೋದವೇ? ಇಲ್ಲ. ಒಂದಿಷ್ಟು ಗಾಡಿ ಮಂತ್ರಿಯ ಹೊಸ ಮನೆಗೆ ಕಲ್ಲು ಹೊತ್ತವು. ಒಂದಿಷ್ಟು ಗಾಡಿ ಅಮಲ್ದಾರನ ಹೊಸ ಮನೆಗೆ ತೊಲೆ ಹೊತ್ತವು. ಉಳಿದವು ಗುತ್ತಿಗೆದಾರನ ಹೊಸ ಮನೆಗೆ ಹೆಂಚು ಹೊತ್ತವು. ಏರಿಗೆ ಏನು ಬಂತು? ಪಕ್ಕದ ಹಳ್ಳದ ಮರಳು ಬಂತು.

ಹುಲಿಗೆವ್ವ ಪುಟ್ಟಿ ಕೆಳಗಿಟ್ಟಳು. "ಯಜಮಾನ್ರೇ, ಇದು ಮರಳು. ನೀರು ತಡೆಯೋದಿಲ್ಲ" ಅಂದಳು.

ಗುತ್ತಿಗೆದಾರ ಎಲೆಯಡಿಕೆ ಉಗಿದ. "ಹೊರೋದು ನಿನ್ನ ಕೆಲಸ, ಯೋಚನೆ ಮಾಡೋದು ನನ್ನ ಕೆಲಸ. ನಾಳೆಯಿಂದ ಕೂಲಿ ಬೇಕೋ, ಬೇಡವೋ?"

ಕೂಲಿ ಬೇಕಿತ್ತು. ಹೊತ್ತಳು.

ಕೇಳಿ, ಈಗ ಕಲ್ಲಿನ ವಿಷಯ. ಕೆಲಸ ಮುಗಿದ ಮೇಲೆ ಹೆಸರು ಕೆತ್ತಿಸಿ ಕಲ್ಲು ನಿಲ್ಲಿಸುವುದು ಆ ನಾಡಿನ ಪದ್ಧತಿ. ಏರಿಯನ್ನು ನೋಡಲು ಒಂದು ದಿನವೂ ಬಾರದವರು ಕಲ್ಲನ್ನು ನೋಡಲು ಓಡೋಡಿ ಬಂದರು. ಮೊದಲ ಕಲ್ಲಿನಲ್ಲಿ ಮಂತ್ರಿಯ ಹೆಸರು ಸಣ್ಣಗಾಯಿತು, ಒಡೆಸಿದರು. ಎರಡನೆಯ ಕಲ್ಲಿನಲ್ಲಿ ಅಮಲ್ದಾರನ ಬಿರುದು ಬಿಟ್ಟುಹೋಯಿತು, ಒಡೆಸಿದರು. ಮೂರನೆಯ ಕಲ್ಲು ಎಲ್ಲರಿಗೂ ಒಪ್ಪಿಗೆಯಾಯಿತು. ಮೂರು ಕಲ್ಲನ್ನೂ ಏರಿಯ ಮೇಲೆ ಹೊತ್ತವರು ಯಾರು? ಹುಲಿಗೆವ್ವ ಮತ್ತು ಅವಳ ಜೊತೆಯವರು. ಅವರಿಗೆ ಓದು ಬಾರದು. ಆದರೆ ಕಲ್ಲುಕುಟಿಗ ಬಿಸಿಲಿನಲ್ಲಿ ಕೂತು ಒಂದೊಂದು ಸಾಲನ್ನೂ ಕೆತ್ತುವುದನ್ನು ನೋಡಿದರು.

ಮೊದಲ ಮಳೆಗೆ ಕೆರೆ ಅರ್ಧ ತುಂಬಿತು. ಎರಡನೆಯ ಮಳೆಗೆ ಪೂರ್ತಿ ತುಂಬಿತು. ಮೂರನೆಯ ಮಳೆಗೆ, ನಡು ಮಧ್ಯಾಹ್ನ, ಜನ ಉಣ್ಣಲು ಕೂತ ಹೊತ್ತಿಗೆ, ಏರಿ ಕುಸಿಯಿತು. ಕೆಳಗಿದ್ದ ಏಳು ಮನೆ ಹೋದವು. ಅದರಲ್ಲೊಂದು ಹುಲಿಗೆವ್ವನ ತಂಗಿ ಫಕೀರವ್ವನದು. ತಂಗಿಯೂ ಹೋದಳು.

ದೊರೆ ನ್ಯಾಯಸಭೆ ಕರೆದ. ಏರಿಗೆ ಕೇಡು ಮಾಡಿದವರ ಬಲಗೈ ಕಡಿಯಬೇಕು, ಇದು ಅಲ್ಲಿನ ಕಾಯಿದೆ.

ಮಂತ್ರಿ ಎದ್ದ. ಕಣ್ಣೊರೆಸಿಕೊಂಡ. "ಪ್ರಭು, ನನಗೂ ಆ ಕೆರೆಗೂ ಏನು ಸಂಬಂಧ? ನಾನು ಅರಮನೆ ಬಿಟ್ಟು ಕದಲಿದವನಲ್ಲ. ಅಮಲ್ದಾರನನ್ನು ಕೇಳಿ."

ಅಮಲ್ದಾರ ಎದ್ದ. ಅವನೂ ಕಣ್ಣೊರೆಸಿಕೊಂಡ. "ಪ್ರಭು, ತೋರಿಸಿದ ಕಡೆ ಮೊಹರು ಒತ್ತಿದೆ, ಅಷ್ಟೇ. ಆ ಏರಿ ಯಾವ ದಿಕ್ಕಿಗಿದೆ ಅಂತಲೂ ನನಗೆ ಗೊತ್ತಿಲ್ಲ. ಗುತ್ತಿಗೆದಾರನನ್ನು ಕೇಳಿ."

ಗುತ್ತಿಗೆದಾರ ಎದ್ದ. ಕುಂಟುತ್ತಾ ಎದ್ದ. "ಬುದ್ಧೀ, ನನಗೆ ಆಗ ಮಂಡಿನೋವು. ಹಾಸಿಗೆ ಬಿಟ್ಟು ಎದ್ದಿಲ್ಲ. ಮರಳು ಹೊತ್ತವಳು ಅಗೋ ಅಲ್ಲಿ ನಿಂತಿದ್ದಾಳಲ್ಲ! ಅವಳ ತಲೆ, ಅವಳ ಪುಟ್ಟಿ, ಅವಳ ಕೈ. ನನ್ನನ್ನೇನು ಕೇಳ್ತೀರಿ?"

ನೋಡಿದಿರಾ? ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದಲ್ಲ, ತಪ್ಪೂ ಹಾಗೇ ಹರಿಯಿತು. ಹರಿದು ಹರಿದು ತಗ್ಗಿನಲ್ಲಿ ನಿಂತಿದ್ದವಳ ಪಾದಕ್ಕೆ ಬಂತು. ಕೊಡಲಿಯವನು ಆಗಲೇ ಕೊಡಲಿಯನ್ನು ಮಸೆಯತೊಡಗಿದ್ದ.

ದೊರೆ ಕೇಳಿದ: "ಏನಮ್ಮಾ, ಮರಳು ಹೊತ್ತದ್ದು ನಿಜವೇ?"

ಅವಳು ಸುಳ್ಳು ಹೇಳಬಹುದಿತ್ತು. ಪಕ್ಕದವಳನ್ನು ತೋರಿಸಬಹುದಿತ್ತು. ಮೂವರು ದೊಡ್ಡವರು ದಾರಿ ಹಾಕಿಕೊಟ್ಟಿದ್ದರಲ್ಲ! ಅವಳು ಹಾಗೆ ಮಾಡಲಿಲ್ಲ.

"ನಿಜ ಬುದ್ಧೀ. ನಾನೇ ಹೊತ್ತೆ. ಮರಳು ಅಂತ ಗೊತ್ತಿದ್ದೂ ಹೊತ್ತೆ. ನನ್ನ ತಲೆಯಿಂದ ಸುರಿದದ್ದೇ ನನ್ನ ತಂಗಿಯನ್ನು ತಿಂದಿತು. ಆ ಲೆಕ್ಕಕ್ಕೆ ನನ್ನ ಕೈ ತಗೊಳ್ಳಿ, ಬೇಡ ಅನ್ನೋದಿಲ್ಲ. ಅದಕ್ಕೆ ಮೊದಲು ನನ್ನದೊಂದು ಸಾಕ್ಷಿ ಕೇಳಿ."

"ಎಲ್ಲಿ ನಿನ್ನ ಸಾಕ್ಷಿ? ಬರಹೇಳು."

"ಅವನು ನಡೆಯೋದಿಲ್ಲ. ಹೊರಗೆ ಗಾಡಿಯಲ್ಲಿದ್ದಾನೆ. ಎತ್ತೋಕೆ ಎಂಟಾಳು ಬೇಕು."

ಸಭೆ ನಕ್ಕಿತು. ಎಂಟಾಳು ಹೋದರು. ಹೊತ್ತು ತಂದದ್ದು ಏನನ್ನು? ಆ ಕಲ್ಲನ್ನು! ನೀರಿನ ಜೊತೆ ಕೊಚ್ಚಿಹೋಯಿತು, ಪೀಡೆ ತೊಲಗಿತು ಅಂತ ಮೂವರೂ ನೆಮ್ಮದಿಯಾಗಿದ್ದರು. ಅದು ಉರುಳಿ ಫಕೀರವ್ವನ ಮನೆಯಿದ್ದ ಜಾಗದಲ್ಲೇ ಕೆಸರಿನಲ್ಲಿ ಹೂತಿತ್ತು. ತಂಗಿಯನ್ನು ಹುಡುಕಿ ಅಗೆದ ಅಕ್ಕನಿಗೆ ಸಿಕ್ಕಿದ್ದು ಆ ಕಲ್ಲು. ಈಗ ಯಾರೂ ನಗಲಿಲ್ಲ.

ಹುಲಿಗೆವ್ವ ಸೆರಗಿನಿಂದ ಕೆಸರು ಒರೆಸಿದಳು. ಅರಮನೆಯ ಬರಹಗಾರ ಮುಂದೆ ಬಂದು ಗಂಟಲು ಸರಿಮಾಡಿಕೊಂಡ, ಓದಿದ.

"ಮಂತ್ರಿಗಳ ಬುದ್ಧಿಯಿಂದ ಈ ಏರಿ ಆಯಿತು."

"ಅಮಲ್ದಾರರ ಕಣ್ಣೆದುರಿನಲ್ಲಿ ಈ ಏರಿ ಆಯಿತು."

"ಗುತ್ತಿಗೆದಾರರ ಕೈಯಿಂದ ಈ ಏರಿ ಆಯಿತು."

ಹುಲಿಗೆವ್ವ ಕೇಳಿದಳು: "ಬುದ್ಧಿ ಇವರದು, ಕಣ್ಣು ಇವರದು, ಕೈ ಇವರದು. ನನ್ನ ಹೆಸರು ಎಲ್ಲಿದೆ ಸ್ವಾಮಿ?"

ಮಂತ್ರಿ ತೊದಲಿದ: "ಅದು... ಅದು ಗೌರವಕ್ಕೆ ಹಾಕುವ ಹೆಸರು ಪ್ರಭು. ಕೆಲಸಕ್ಕಲ್ಲ."

ಬರಹಗಾರ ಹಿಂದೆ ಸರಿಯಲು ಹೊರಟ. ಹುಲಿಗೆವ್ವ ಅಡ್ಡ ನಿಂತಳು.

"ನಿಲ್ಲಪ್ಪ. ನನಗೆ ಓದು ಬರೋದಿಲ್ಲ, ಎಣಿಸೋಕೆ ಬರುತ್ತೆ. ಕಲ್ಲಿನಲ್ಲಿ ನಾಲ್ಕು ಸಾಲು ಇವೆ. ನೀನು ಓದಿದ್ದು ಮೂರು. ಮೇಲಿನದನ್ನು ಓದು. ದಪ್ಪಕ್ಷರದ್ದು."

ಬರಹಗಾರ ಆ ಸಾಲನ್ನು ನೋಡಿದ. ದೊರೆಯ ಮುಖ ನೋಡಿದ. ಓದಲಿಲ್ಲ. ಓದಬೇಕಾಗಿಯೂ ಇರಲಿಲ್ಲ, ದೊರೆಗೆ ಓದು ಬರುತ್ತಿತ್ತು. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ ಇದ್ದದ್ದು ಅವನ ಹೆಸರು.

ನ್ಯಾಯ ಹೇಳಲು ಕೂತ ದೊರೆ, ಹೆಸರಾಗಿ ಆ ಕಲ್ಲಿನ ಮೇಲೂ ಕೂತಿದ್ದ. ಕೆಳಗಿಳಿಯುವುದು ಹೇಗೆ? ಕೊನೆಗೆ ಕೇಳಿದ: "ಏನು ಮಾಡಲಿ, ನೀನೇ ಹೇಳು. ನಾಲ್ಕು ಬಲಗೈ ಕಡಿಸಲೇ?"

"ಕಡಿದ ಕೈ ಏರಿ ಕಟ್ಟುತ್ತದಾ ಬುದ್ಧೀ? ಏರಿಯನ್ನು ಮತ್ತೆ ಕಟ್ಟಿಸಿ. ಈ ಕಲ್ಲನ್ನು ಇದ್ದ ಹಾಗೇ ನಿಲ್ಲಿಸಿ. ಕಲ್ಲಿನಲ್ಲಿ ಯಾರ ಹೆಸರಿದೆಯೋ ಅವರ ಮನೆ ಏರಿಯ ಕೆಳಗಿರಲಿ. ಹೆಂಡತಿ ಮಕ್ಕಳ ಜೊತೆ ಅಲ್ಲೇ ಇರಲಿ."

"ನಾನೂ?"

"ನಿಮ್ಮ ಹೆಸರೇ ದಪ್ಪಗಿದೆಯಲ್ಲ."

ದೊರೆ ಒಪ್ಪಿದನೇ ಅಂತ ಕೇಳುತ್ತೀರಿ. ಒಳ್ಳೆಯತನದಿಂದ ಒಪ್ಪಿದ ಅಂತ ಹೇಳಿ ನಿಮಗೆ ಮೋಸ ಮಾಡಲಾರೆ. ಅರಮನೆಯ ಬಾಗಿಲಲ್ಲಿ ಮೂರು ಊರಿನ ಮಣ್ಣು ಹೊರುವವರು ಗುದ್ದಲಿ ಊರಿಕೊಂಡು ಕೂತಿದ್ದರು. ಕೂಗಲಿಲ್ಲ, ಏಳಲೂ ಇಲ್ಲ. ಹಾಗಾಗಿ ಒಪ್ಪಿದ.

ಮೂರು ಹೊಸ ಮನೆ ಬಿಚ್ಚಿದರು. ಆ ಕಲ್ಲು, ಆ ತೊಲೆ, ಆ ಹೆಂಚು ತಂದು ಏರಿಯ ಕೆಳಗೆ ನಾಲ್ಕು ಮನೆ ಕಟ್ಟಿದರು. ಆಮೇಲೆ ನೋಡಬೇಕಿತ್ತು! ಗಾಡಿಗಳು ನೆಟ್ಟಗೆ ಗುಡ್ಡಕ್ಕೆ ಹೋದವು. ಮಂಡಿನೋವಿನ ಗುತ್ತಿಗೆದಾರ ಎತ್ತಿನ ಹಿಂದೆ ತಾನೇ ಓಡಿದ. ದಿಕ್ಕು ಗೊತ್ತಿಲ್ಲದ ಅಮಲ್ದಾರ ದಿನಕ್ಕೆ ಮೂರು ಸಲ ಏರಿ ಹತ್ತಿದ. ಮಂತ್ರಿ ಪ್ರತಿ ಪುಟ್ಟಿಯ ಮಣ್ಣನ್ನೂ ಬೆರಳಲ್ಲಿ ಉಜ್ಜಿ ನೋಡಿದ. ಹುಲಿಗೆವ್ವನೂ ಹೊತ್ತಳು. ಮರಳಿನ ಒಂದು ಹರಳು ಕಂಡರೂ ಪುಟ್ಟಿ ಕೆಳಗಿಟ್ಟಳು. ಈ ಸಲ ಅವಳನ್ನು ಯಾರೂ ಗದರಿಸಲಿಲ್ಲ.

ಆ ಏರಿ ಇನ್ನೂ ನಿಂತಿದೆಯಂತೆ. ಅದರ ನಂತರ ಆ ನಾಡಿನಲ್ಲಿ ಎಷ್ಟೋ ಕೆರೆ ಆದವು, ಸೇತುವೆ ಆದವು. ಕಲ್ಲಿನಲ್ಲಿ ಹೆಸರು ಹಾಕಿಸಲು ಮಾತ್ರ ಯಾರೂ ಮುಂದೆ ಬರಲಿಲ್ಲ.

ನಮ್ಮೂರಿಗೂ ಒಬ್ಬರು ಬರುತ್ತಾರೆ, ಕಲ್ಲಿನ ಮೇಲಿನ ಪರದೆ ಸರಿಸುತ್ತಾರೆ, ನೀವು ಚಪ್ಪಾಳೆ ತಟ್ಟುತ್ತೀರಿ. ತಟ್ಟುವ ಮೊದಲು ಒಂದು ಮಾತು ಕೇಳಿ: ಸ್ವಾಮೀ, ನಿಮ್ಮ ಮನೆ ಎಲ್ಲಿ?

ನೀರು ಕೆರೆಯಲ್ಲಿ ನಿಂತಿತು, ಕಥೆ ನನ್ನ ತಲೆಯಿಂದ ಇಳಿಯಿತು. ಪುಟ್ಟಿ ಇಲ್ಲಿದೆ. ಇನ್ನು ಹೊರುವ ಸರದಿ ನಿಮ್ಮದು.