ಅಮ್ಮ ಕೂಗಿ ಕರೆದ ಹಾಡು

ಕತ್ತಿ ಕುಣಿತದ ಅಭ್ಯಾಸಕ್ಕೆಂದು ನಾವೆಲ್ಲ ಗಣಿಗಿಳಿಯುವವರ ದೀಪಗಳನ್ನಿಡುತ್ತಿದ್ದ ಹಳೆಯ ಕೋಣೆಯಲ್ಲಿ ಸೇರಿದ್ದ ಸಂಜೆ ಮಳೆ ಹಿಡಿದುಕೊಂಡಿತು. ಅಂಗಳದಲ್ಲಿ ಕುಣಿಯುವಂತಿರಲಿಲ್ಲ. ಹೊಸದಾಗಿ ತಂಡ ಸೇರಿದ್ದ ಬಡಗಿ, "ಕುಣಿಯೋಕೆ ಮುಂಚೆ ಒಬ್ಬೊಬ್ಬರನ್ನೂ ಅಣಕಿಸಿ ಕರೆಯೋ ಆ ಹಾಡು ಯಾಕಜ್ಜಿ?" ಎಂದ. ನಮ್ಮ ಕುಣಿತಕ್ಕೆ ಹಾಡುವ ಅಜ್ಜಿ ಒದ್ದೆ ಶಾಲು ಹಿಂಡಿ ಒಲೆಯ ಬಳಿ ಕೂತರು.

"ಮೊದಲು ಹಾಡು ಇರಲಿಲ್ಲ ಕಣಪ್ಪ. ಒಬ್ಬನ ಕತ್ತಿಯ ತುದಿ ಇನ್ನೊಬ್ಬನ ಕೈಲಿ, ಹಂಗೇ ಸುತ್ತು ಕಟ್ಟಿ ಕುಣಿಯೋರು, ಅಷ್ಟೆ. ಎಲ್ಲಾ ಗಣಿಯೋರೇ. ನಮ್ಮಣ್ಣನೂ ಇದ್ದ. ಅವನನ್ನ ಶಿಳ್ಳೆ ಅಂತಲೇ ಕರೀತಿದ್ರು... ಸ್ನಾನ ಮಾಡ್ತಾ ಶಿಳ್ಳೆ, ಊಟಕ್ಕೆ ಕೂತು ಶಿಳ್ಳೆ, ಅಮ್ಮ ಸೌಟು ತೋರಿಸಿ ಗದರಿದರೆ ಅದಕ್ಕೂ ಒಂದು ರಾಗ. ಎಂಥ ಮನೆ ಆಗಿತ್ತು ಅದು...

ಕುಣಿತದ ದಿನ ಹತ್ತಿರ ಬಂದಾಗ ಗಣಿ ಕುಸೀತು. ಒಳಗೆ ಸಿಕ್ಕಿಕೊಂಡೋರು ಕುಣಿತದ ಹುಡುಗರೇ. ಹೇಗೋ ಒಂದು ಕಿಂಡಿ ತೆಗೆದರು. ಒಳಗೆ ದೀಪ ಇಲ್ಲ, ಬರೀ ಧೂಳು, ದಾರಿ ಯಾವ ಕಡೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಹೊರಗಿನೋರ ಕೂಗೆಲ್ಲ ಕಲಸಿಹೋಗ್ತಿತ್ತು. ಆಗ ನಮ್ಮಮ್ಮ ಎಲ್ಲರನ್ನೂ ಸುಮ್ಮನಿರಿಸಿ ಕಿಂಡಿಗೆ ಬಾಯಿಟ್ಟು ಹಾಡಿದಳು, 'ಬಾರೋ ಗೊರಕೆರಾಯ, ನೀನಿಲ್ಲದೆ ನಮ್ಮ ಬೀದಿಗೇ ನಿದ್ದೆ ಬಾರದಯ್ಯ' ಅಂತ. ಒಳಗಿಂದ ನಗು ಕೇಳಿಸಿತು. ಅಮ್ಮನ ದನಿ ಹಿಡ್ಕೊಂಡು ಆ ಗೊರಕೆರಾಯ ತೆವಳಿ ಬಂದ. ಆಮೇಲೆ ಸೊಟ್ಟಮೂಗ, ಕಡ್ಡಿಪೈಲ್ವಾನ... ಒಬ್ಬೊಬ್ಬನಿಗೂ ಒಂದು ಚರಣ, ಅಲ್ಲೇ ಕಟ್ಟಿ ಕರೆದಳು. ಮಗನನ್ನ ಕೊನೆಗಿಟ್ಟುಕೊಂಡಳು. ಬೇರೆ ತಾಯಂದಿರು ಪಕ್ಕದಲ್ಲೇ ನಿಂತಿದ್ದರಲ್ಲ, ಹೇಗೆ ಅವನನ್ನ ಮೊದಲು ಕರೀತಾಳೆ?

'ಬಾರೋ ನನ್ನ ಶಿಳ್ಳೆ' ಅಂದಳು. ಒಳಗಿಂದ ಶಿಳ್ಳೆ ಬಂತು, ನಾನೂ ಕೇಳಿದೆ. ಆಗಲೇ ಮತ್ತೆ ಕುಸೀತು.

ಅಮ್ಮ ದನಿ ಬೀಳೋ ತನಕ ಹಾಡಿದಳು."

ಅಜ್ಜಿ ಒಲೆಗೊಂದು ಸೌದೆ ತಳ್ಳಿದರು.

"ಮರುವರ್ಷ ಉಳಿದೋರು ಮನೆಗೆ ಬಂದು, 'ನೀನು ಕರೆದರೆ ಮಾತ್ರ ಕುಣೀತೀವಿ ತಾಯಿ' ಅಂದ್ರು. ಕರೆದಳು. ಒಬ್ಬೊಬ್ಬನಾಗಿ ಬಂದು ಸುತ್ತು ಕಟ್ಟಿದರು, ಅಣ್ಣನ ಜಾಗ ಮಾತ್ರ ಖಾಲಿ. ಅವನ ಚರಣ ಬೇಡ ಅಂತ ಅಪ್ಪ ಕೈ ಹಿಡಿದ. ಅವಳು ಕೇಳಲಿಲ್ಲ. ಹಾಡಿದಳು... ಪಕ್ಕದ ಕಡ್ಡಿಪೈಲ್ವಾನನ ಕತ್ತಿ ತುದಿ ಹಿಡಿಯೋರಿಲ್ಲ, ಜೋಲಬೇಕಲ್ವಾ? ಜೋಲಲಿಲ್ಲ. ಕುಣಿತ ಮುಗಿಯೋವರೆಗೂ ಆ ಖಾಲಿ ಜಾಗದ ಕಡೆಗೇ ಬಿಗಿಯಾಗಿ ನಿಂತಿತ್ತು. ಅವನ ಮುಖ ಬಿಳಚಿಕೊಂಡಿತ್ತು, ಆದರೂ ಹಿಡಿ ಸಡಿಲ ಬಿಡಲಿಲ್ಲ. ಅವತ್ತು ಅಮ್ಮ ಮನೆಗೆ ಬಂದು, ಅಣ್ಣ ಹೋದಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡಳು."

"ಈಗ ಆ ಚರಣ ಹಾಡಲ್ಲ ಅಲ್ವಾ ಅಜ್ಜಿ?" ಬಡಗಿ ಮೆಲ್ಲಗೆ ಕೇಳಿದ.

"ಹಾಡ್ತೀನಿ, ತುಟಿಯೊಳಗೇ. ನೀನು ಕೊನೇಲಿ, ಅಣ್ಣನ ಖಾಲಿ ಜಾಗದ ಪಕ್ಕ ನಿಲ್ಲೋನು. ನಿನ್ನ ಕತ್ತಿಯನ್ನ ಆಚೆಯಿಂದ ಯಾರೋ ಹಿಡಿದ ಹಾಗಾದ್ರೆ ಕಿತ್ಕೋಬೇಡ ಕಣಪ್ಪ... ಹೋದ ವರ್ಷ ಆ ಜಾಗದಲ್ಲಿದ್ದೋನು ಹೆದರಿ ಕಿತ್ಕೊಂಡ, ಮತ್ತೆ ಕುಣಿತಕ್ಕೆ ಬರಲಿಲ್ಲ. ಅದಕ್ಕೇ ನಿನ್ನನ್ನ ಸೇರಿಸಿಕೊಂಡಿದ್ದು."