ಇನ್ನೊಬ್ಬ ಜೇಕಬ್‌ನ ಕಲ್ಲು

ದೆಹಲಿಯ ಆರ್.ಕೆ.ಪುರಂ ಬಸ್ ಸ್ಟಾಪಿನಲ್ಲಿ ಮಗಳು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಕನ್ನಡ ಕೇಳಿಸಿತು. ಒಬ್ಬ ಹುಡುಗಿ, ಜೊತೆಗೆ ಅವಳ ಅತ್ತೆ.

"ಅಮೆರಿಕದವರ ವಂಶ ಹುಡುಕಿಕೊಡೋ ಈ ಕೆಲಸಾನೇ ಬೇಡ ಅತ್ತೆ. ಓಹಾಯೋದ ಆ ಅಜ್ಜನಿಗೆ ನಾನು ಇಂಟರ್ನೆಟ್ಟಲ್ಲಿ ಹುಡುಕಿ ತೋರಿಸಿದ ಸಮಾಧಿ ಅವರ ಮುತ್ತಾತನದ್ದೇ ಅಲ್ಲ!"

"ಅಯ್ಯೋ ಧಾರಿಣಿ! ಮತ್ಯಾರದ್ದು?"

"ಮುತ್ತಾತನ ಹಳ್ಳಿಯವನೇ, ಅದೇ ಹೆಸರಿನ ಇನ್ನೊಬ್ಬ ಜೇಕಬ್ ಮಿಲ್ಲರ್‌ದು. ಆಗಿನ ಓಹಾಯೋದಲ್ಲಿ ಬೇರೆ ಹೆಸರೇ ಇರ್ಲಿಲ್ವೇನೋ! ನಿಜವಾದ ಮುತ್ತಾತ ಪಕ್ಕದೂರಿನ ಚರ್ಚ್ ಹಿಂದೆ ಇದಾನೆ. ನಿನ್ನೆ ಗೊತ್ತಾಯ್ತು."

"ತಪ್ಪಾಯ್ತು ಅಂತ ಹೇಳಿಬಿಡು."

"ಹೇಗೆ ಹೇಳ್ಲಿ? ತೊಂಬತ್ತು ದಾಟಿದ ಅಜ್ಜ. ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕರ್ಕೊಂಡು ಹೋಗಿ ಹೊಸ ಕಲ್ಲು ನಿಲ್ಲಿಸಿ, ಅಲ್ಲೇ ಎಲ್ಲರಿಗೂ ಊಟ ಹಾಕಿದಾರೆ. ನಂಗೆ ಥ್ಯಾಂಕ್ಸ್ ಬೇರೆ!"

"ನಾವು ಹಿರಿಯರಿಗೆ ಎಡೆ ಇಡ್ತೀವಲ್ಲ, ಹಾಗೆ ಅನ್ನು. ಆ ಕಲ್ಲಿನ ಕೆಳಗಿರೋನಿಗೆ ಮಕ್ಕಳು ಮರಿ?"

"ಯಾರೂ ಇಲ್ಲ. ಯಾರದೋ ಹೊಲದಲ್ಲಿ ಆಳಾಗಿದ್ದ, ಒಂಟಿಯಾಗೇ ಸತ್ತ."

ಅತ್ತೆ ಅವಳ ಕಡೆಗೆ ತಿರುಗಿದರು.

"ನಿಜಾನೇ ಬರಿ, ಇವತ್ತೇ ಬರಿ. ಅವರಿಗೂ ವಯಸ್ಸಾಗಿದೆ, ಅವರ ಮುತ್ತಾತನ ಹತ್ರ ಹೋಗಿ ಬರ್ಲಿ. ಆದ್ರೆ ಈ ಕಲ್ಲು ಕೀಳಬೇಡಿ ಅಂತಾನೂ ಬರಿ."

"ಅದ್ಯಾಕೆ?"

"ಆ ಒಂಟಿಯವನ ಹೆಸರಲ್ಲಿ ಊಟ ಹಾಕಿದೋರು ಈ ಅಜ್ಜ ಒಬ್ಬರೇ ಅಲ್ವೇನೇ?"

"ಬೈದ್ರೆ?"

"ಬೈಸ್ಕೋ. ಚಲೋ, ಬಸ್ ಬಂತು."

ಹುಡುಗಿ ಫೋನಿನಲ್ಲಿ ಏನೋ ಬರೆಯುತ್ತಲೇ ಬಸ್ ಹತ್ತಿದಳು. ಅತ್ತೆ ಅವಳ ತೋಳು ಹಿಡಿದಿದ್ದರು.